ಮಾರಾಟವಾದ ದರ ಯಾರು ಹೇಳುತ್ತಾರೆ? ಕಾರವಾರ, ಕುಮಟಾ, ಶಿರಸಿಯ ಆಸ್ತಿ ಏಜೆಂಟರ ಸೇವೆಯ ವಿಮರ್ಶೆ

ಶಿರಸಿಯ ಅಡಿಕೆ ಮಾರುಕಟ್ಟೆಯಲ್ಲಿ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ಒಂದೊಂದು ಬಗೆಗೂ ಕನಿಷ್ಠ, ಗರಿಷ್ಠ, ಸರಾಸರಿ ದರ ಪ್ರಕಟವಾಗುತ್ತದೆ. ಅದನ್ನು ನೋಡಿಕೊಂಡೇ ಬೆಳೆಗಾರ ಮಾಲು ಬಿಡಬೇಕೋ ಇಟ್ಟುಕೊಳ್ಳಬೇಕೋ ಎಂದು ತೀರ್ಮಾನಿಸುತ್ತಾನೆ. ಅದೇ ಅಡಿಕೆ ಬೆಳೆಯುವ ತೋಟವನ್ನಾಗಲಿ, ಪೇಟೆಯ ಅಂಚಿನ ಐದು ಗುಂಟೆ ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆಯಾದ) ಜಾಗವನ್ನಾಗಲಿ ಕೊಳ್ಳಹೊರಟವನಿಗೆ ಅಂಥ ಫಲಕ ಎಲ್ಲಿಯೂ ಇಲ್ಲ. ಅಕ್ಕಪಕ್ಕದ ಜಾಗ ಎಷ್ಟಕ್ಕೆ ಹೋಯಿತು ಎಂಬ ಮಾತು ಆ ವ್ಯವಹಾರ ಕುದುರಿಸಿದ ಏಜೆಂಟರ ತಲೆಯಲ್ಲಿರುತ್ತದೆ, ಉಪನೋಂದಣಾಧಿಕಾರಿ ಕಚೇರಿಯ ದಾಖಲೆಯಲ್ಲಿ ಇರುತ್ತದೆ. ಎರಡೂ ಒಂದೇ ಮೊತ್ತವನ್ನು ಹೇಳುತ್ತವೆ ಎಂಬ ಖಾತ್ರಿಯಿಲ್ಲ. ಹಣ ಹೂಡುವ ಉದ್ದೇಶದಿಂದ ಜಾಗ ನೋಡುತ್ತಿರುವ ನಾನು ಕಾರವಾರ, ಕುಮಟಾ, ಶಿರಸಿಗಳಲ್ಲಿ ಒಬ್ಬೊಬ್ಬ ಏಜೆಂಟರ ಬಳಿ ಈ ಮಾಹಿತಿಯನ್ನೇ ಸೇವೆಯೆಂದು ಕೇಳಿ ಪಡೆದೆ. ಸಿಕ್ಕ ಸೇವೆಯ ಗುಣಮಟ್ಟವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಅವರು ತೋರಿಸಿದ ಪಟ್ಟಿಗಳಲ್ಲಿ ಬೇರೆಯವರ ವ್ಯವಹಾರಗಳಿರುವುದರಿಂದ ಯಾವ ಏಜೆಂಟರ ಹೆಸರನ್ನೂ ಬರೆಯುವುದಿಲ್ಲ.

ಮೂವರಿಗೂ ನಾನು ಒಂದೇ ಬೇಡಿಕೆ ಇಟ್ಟೆ. ನಾನು ನೋಡುತ್ತಿರುವ ಗ್ರಾಮದಲ್ಲಿ ಕಳೆದ ಒಂದು ವರ್ಷದೊಳಗೆ ಖರೀದಿ ಪತ್ರ ನೋಂದಣಿಯಾಗಿ ಮುಗಿದ ವ್ಯವಹಾರಗಳು ಬೇಕು. ಪ್ರತಿಯೊಂದಕ್ಕೂ ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನೊಳಗಿನ ಪಾಲು), ಕ್ಷೇತ್ರ, ನೋಂದಣಿಯ ತಿಂಗಳು, ಕೊನೆಗೆ ಒಪ್ಪಿದ ಮೊತ್ತ ಮತ್ತು ರಸ್ತೆಯ ಸ್ಥಿತಿ ತಿಳಿಯಬೇಕು. ಕೊಂಡವರ, ಮಾರಿದವರ ಹೆಸರು ಬೇಡ. ಈ ಕೊನೆಯ ಮಾತನ್ನು ಮೊದಲೇ ಹೇಳುವುದು ಬಹಳ ಮುಖ್ಯ. ಏಜೆಂಟರು ಮಾಹಿತಿ ಬಿಟ್ಟುಕೊಡಲು ಹಿಂಜರಿಯುವುದಕ್ಕೆ ಮುಖ್ಯ ಕಾರಣ ಪಾರ್ಟಿಯ ಗುಟ್ಟು ಹೊರಬೀಳುತ್ತದೆ ಎಂಬ ಅಳುಕು. ಅದರ ಹಿಂದೆಯೇ, ತಮ್ಮನ್ನು ಬದಿಗಿಟ್ಟು ಕೊಳ್ಳುವವನು ನೇರವಾಗಿ ಮಾಲೀಕರ ಮನೆಗೆ ಹೋಗಿಬಿಡುತ್ತಾನೆ ಎಂಬ ಭಯವೂ ಇರುತ್ತದೆ. ಆದ್ದರಿಂದ ಕಮಿಷನ್ ಎಷ್ಟು, ಅದನ್ನು ಯಾವಾಗ ಕೊಡಬೇಕು ಎಂಬುದನ್ನು ದರದ ಮಾತಿಗೆ ಮುನ್ನವೇ ತೀರ್ಮಾನಿಸಿಕೊಂಡೆ. ಆಮೇಲೆ ಮಾತು ಸಲೀಸಾಯಿತು.

ಕಾರವಾರದ ಏಜೆಂಟರದು ಮೂವರಲ್ಲಿ ನಿಸ್ಸಂದೇಹವಾಗಿ ಉತ್ತಮ ಸೇವೆ. ಅವರ ಕಚೇರಿಯೆಂದರೆ ಒಂದು ಮೇಜು, ಒಂದು ಕಪಾಟು, ಗೋಡೆಯ ಮೇಲೆ ಗ್ರಾಮನಕ್ಷೆಗಳು, ಅಷ್ಟೇ. ನನ್ನ ಬೇಡಿಕೆ ಕೇಳಿದ ಮೇಲೆ ಅವರು ಕಪಾಟಿನಿಂದ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದು ಬಿಡಿಸಿದರು. ಎಡಗಡೆಯಲ್ಲಿ ನೋಂದಣಿಯ ತಾರೀಖು, ಅದರ ಪಕ್ಕ ಗ್ರಾಮ, ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ-ಆಣೆಯಲ್ಲಿ ಕ್ಷೇತ್ರ, ಪತ್ರದಲ್ಲಿ ಬರೆದ ಮೊತ್ತ, ಕೊನೆಯ ಅಂಕಣದಲ್ಲಿ ‘ಬಾವಿ ಸಿಹಿ’, ‘ಲಾರಿ ಬರುವುದಿಲ್ಲ’, ‘ಹಳೇ ಹಂಚಿನ ಮನೆ ಸಮೇತ’ ಎಂಬಂಥ ಷರಾ. ಹೆಸರುಗಳಿದ್ದ ಅಂಕಣದ ಮೇಲೆ ಮರದ ಸ್ಕೇಲ್ ಇಟ್ಟು ಮುಚ್ಚಿಕೊಂಡೇ ಅವರು ಸಾಲು ಸಾಲಾಗಿ ಓದಿ ಹೇಳಿದರು. ಕೆಲವು ಸಾಲುಗಳ ಮೊತ್ತದ ಎದುರು ಕೆಂಪು ಶಾಯಿಯ ಚುಕ್ಕೆಯಿತ್ತು. ಅದೇನೆಂದು ಕೇಳಿದಾಗ, “ಚುಕ್ಕೆ ಇಟ್ಟದ್ದನ್ನು ನೀವು ಲೆಕ್ಕಕ್ಕೆ ಹಿಡೀಬೇಡಿ ಮಾರಾಯ್ರೆ, ಪತ್ರದ ದರವೇ ಬೇರೆ, ಆದ ದರವೇ ಬೇರೆ” ಎಂದರು.

ಆ ಚುಕ್ಕೆಯ ಬೆಲೆ ದೊಡ್ಡದು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಆದರೂ ಪತ್ರದಲ್ಲಿ ಮಾರ್ಗಸೂಚಿ ದರದ (ಮುದ್ರಾಂಕ ಶುಲ್ಕಕ್ಕಾಗಿ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ದರದ) ಆಸುಪಾಸಿನ ಮೊತ್ತ ಬರೆದು ಉಳಿದದ್ದನ್ನು ಕೈಯಿಂದ ಕೈಗೆ ದಾಟಿಸುವ ಪರಿಪಾಠ ಇನ್ನೂ ನಿಂತಿಲ್ಲ. ಇದರಿಂದ ಸರ್ಕಾರಕ್ಕೆ ಆಗುವ ನಷ್ಟ ಒಂದು ಕಡೆಗಿರಲಿ. ದರ ಹೋಲಿಸಿ ನೋಡುವ ಪ್ರಾಮಾಣಿಕ ಖರೀದಿದಾರನಿಗೆ ದಾಖಲೆಯೇ ದಾರಿ ತಪ್ಪಿಸುತ್ತದೆ. ಯಾವ ಸಾಲನ್ನು ನಂಬಬಾರದು ಎಂದು ಹೇಳುವ ಏಜೆಂಟರು, ನಂಬಬಹುದಾದ ಸಾಲುಗಳನ್ನು ಹೇಳುವುದಕ್ಕಿಂತ ದೊಡ್ಡ ಉಪಕಾರ ಮಾಡಿದಂತಾಯಿತು. ಪೂರ್ತಿ ಮೊತ್ತವನ್ನು ಬ್ಯಾಂಕಿನ ಮೂಲಕವೇ ಕೊಟ್ಟು ಪತ್ರದಲ್ಲಿ ಹಾಗೆಯೇ ಬರೆಸುತ್ತೇನೆ ಎಂದು ನಾನು ಮೊದಲೇ ಹೇಳಿದ್ದರಿಂದ ಅವರು ಈ ವಿಷಯವನ್ನು ಬಿಚ್ಚಿ ಮಾತನಾಡಿದರು ಎಂದು ನನಗನಿಸುತ್ತದೆ.

ಅವರು ಹೇಳಿದ ಸರ್ವೆ ನಂಬರುಗಳನ್ನು ಬರೆದುಕೊಂಡು ಬಂದು ಕಾವೇರಿ ಆನ್‌ಲೈನ್ ಸೇವೆಯಲ್ಲಿ ಋಣಭಾರ ಪ್ರಮಾಣಪತ್ರಕ್ಕೆ, ಅಂದರೆ ಎಲ್ಲರೂ ಇಸಿ ಎನ್ನುವ ಕಾಗದಕ್ಕೆ, ಅರ್ಜಿ ಹಾಕಿದೆ. ಇಸಿಯನ್ನು ಸಾಮಾನ್ಯವಾಗಿ ಜನ ಸಾಲ, ತಗಾದೆ ಇದೆಯೇ ಎಂದು ನೋಡುವುದಕ್ಕಷ್ಟೇ ತೆಗೆಸುತ್ತಾರೆ. ದರ ಹುಡುಕುವವನಿಗೆ ಅದರಲ್ಲಿ ಇನ್ನೊಂದು ಉಪಯೋಗವಿದೆ: ಆ ಆಸ್ತಿಯ ಮೇಲೆ ನಡೆದ ಒಂದೊಂದು ನೋಂದಣಿಯ ದಿನಾಂಕ, ಪತ್ರದ ಸ್ವರೂಪ, ಪ್ರತಿಫಲದ ಮೊತ್ತ, ಮಾರುಕಟ್ಟೆ ಮೌಲ್ಯ ಎಲ್ಲವೂ ಅದರಲ್ಲಿ ಕಾಣುತ್ತದೆ. ಪ್ರತಿಫಲದ ಮೊತ್ತ ಮಾರ್ಗಸೂಚಿಯ ಲೆಕ್ಕಕ್ಕೆ ಸರಿಸಮವಾಗಿ ಕುಳಿತಿದ್ದರೆ ಅನುಮಾನಿಸಬೇಕು. ಅದಕ್ಕಿಂತ ಎದ್ದು ಕಾಣುವಷ್ಟು ಮೇಲಿದ್ದರೆ, ಬಹುಶಃ ಬ್ಯಾಂಕ್ ಸಾಲ ಪಡೆದು ನಿಜವಾದ ದರಕ್ಕೆ ಮಾಡಿದ ಖರೀದಿ. ಅದರ ಕೆಳಗಿನ ಸಾಲಿನಲ್ಲಿ ಅಡಮಾನ ಪತ್ರವೂ ಇದ್ದರೆ ಈ ಊಹೆಗೆ ಬಲ ಬರುತ್ತದೆ. ಕಾರವಾರದ ಪುಸ್ತಕದಲ್ಲಿ ಚುಕ್ಕೆಯಿಲ್ಲದ ಸಾಲುಗಳು ಇಸಿಯ ಮೊತ್ತ ಮತ್ತು ತಿಂಗಳಿಗೆ ಸರಿಯಾಗಿ ತಾಳೆಯಾದವು. ಒಬ್ಬ ಏಜೆಂಟರ ಮಾತನ್ನು ಅಳೆಯಲು ಇದಕ್ಕಿಂತ ನೇರವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಇಲ್ಲಿ ಕಾನೂನಿನ ಒಂದು ಮಾತನ್ನು ಹೇಳಲೇಬೇಕು, ಏಕೆಂದರೆ ಬೇರೆಯವರ ಪತ್ರವನ್ನು ನಾವು ನೋಡಬಹುದೇ ಎಂಬ ಸಂಕೋಚ ಹಲವರಲ್ಲಿದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ ಪತ್ರಗಳು ದಾಖಲಾಗುವ ಒಂದನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ನಿಗದಿತ ಶುಲ್ಕ ಕಟ್ಟಿ ಯಾರು ಬೇಕಾದರೂ ಪರಿಶೀಲಿಸಬಹುದು, ನಕಲನ್ನೂ ಪಡೆಯಬಹುದು. ನೋಂದಣಿಯಾದ ಖರೀದಿ ಪತ್ರ ಆ ಮಟ್ಟಿಗೆ ಸಾರ್ವಜನಿಕ ದಾಖಲೆ. ನಮಗೆ ನಿಜವಾಗಿ ಅಡ್ಡಬರುವುದು ಯಾವ ಸರ್ವೆ ನಂಬರಿನಲ್ಲಿ ಮಾರಾಟವಾಗಿದೆ ಎಂಬುದೇ ಗೊತ್ತಿಲ್ಲದಿರುವುದು. ಗ್ರಾಮದ ನೂರಾರು ಹಿಸ್ಸಾಗಳಿಗೆ ಒಂದೊಂದಾಗಿ ಇಸಿ ತೆಗೆಸಿ ಹುಡುಕುವುದು ಆಗದ ಮಾತು. ಏಜೆಂಟರಿಂದ ಕೇಳಿ ಪಡೆಯಬೇಕಾದದ್ದು ಈ ಕೀಲಿಯನ್ನು; ಮೊತ್ತವನ್ನು ಅವರು ಹೇಳದೆ ಹೋದರೂ ಸರ್ವೆ ನಂಬರ್ ಮತ್ತು ತಿಂಗಳು ಹೇಳಿದರೆ ಮುಕ್ಕಾಲು ಕೆಲಸ ಮುಗಿದಂತೆ. ಜಾಗ ಎಲ್ಲಿದೆ ಎಂದು ತಿಳಿಯಲು ದಿಶಾಂಕ್ ಆ್ಯಪ್ ಇದೆ: ಫೋನು ಹಿಡಿದು ಆ ಜಾಗದ ಮೇಲೆ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಹೊಸ ಬೇಲಿ, ಹೊಸ ಗೇಟು ಕಂಡಲ್ಲಿ ನಿಂತು ನಂಬರ್ ಗುರುತು ಮಾಡಿಕೊಂಡು, ‘ಇದು ಯಾವಾಗ ಆಯಿತು?’ ಎಂದು ಏಜೆಂಟರನ್ನು ಕೇಳಿದರೆ ಉತ್ತರ ಹಾರಿಕೆಯದಾಗಿರುವುದಿಲ್ಲ.

ಕುಮಟಾ-ಗೋಕರ್ಣ ಭಾಗದ ಏಜೆಂಟರ ಸೇವೆಯ ಬಗ್ಗೆ ಒಳ್ಳೆಯ ಮಾತು ಬರೆಯುವುದು ನನ್ನಿಂದಾಗದು. ಅವರ ಫೋನಿನ ತುಂಬ ಫೋಟೋ, ವಿಡಿಯೊ, ದರ ಎಲ್ಲವೂ ಇದ್ದವು. ಆದರೆ ಅವೆಲ್ಲ ಮಾಲೀಕರು ಕೇಳುತ್ತಿರುವ ದರಗಳು, ಕೊಂಡವರು ಕೊಟ್ಟ ದರಗಳಲ್ಲ. ಕೇಳುವ ದರಕ್ಕೆ ಮೇಲ್ಮಿತಿ ಎಂಬುದಿಲ್ಲ. ಮಾರುವ ಅವಸರವಿಲ್ಲದ ಮಾಲೀಕ ಎಷ್ಟಾದರೂ ಹೇಳಬಹುದು. ಪಕ್ಕದವನು ಅದನ್ನು ಕೇಳಿ ಅದರ ಮೇಲೆ ಇನ್ನಷ್ಟು ಸೇರಿಸುತ್ತಾನೆ. ಹೀಗೆ ಒಂದೂ ಪತ್ರವಾಗದೆಯೇ ಊರಿನ ದರ ಏರಿಬಿಡುತ್ತದೆ. ಮುಗಿದ ವ್ಯವಹಾರದ ಸರ್ವೆ ನಂಬರ್ ಕೊಡಿ ಎಂದಾಗಲೆಲ್ಲ ‘ಪಾರ್ಟಿ ಒಪ್ಪುವುದಿಲ್ಲ’ ಎಂಬ ಉತ್ತರ ಬಂತು. ಒತ್ತಾಯಿಸಿದ ಮೇಲೆ ಒಂದು ನಂಬರ್ ಕೊಟ್ಟರು. ಇಸಿ ತೆಗೆಸಿ ನೋಡಿದರೆ ಅಲ್ಲಿ ಖರೀದಿ ಪತ್ರವೇ ಇರಲಿಲ್ಲ, ಸಾಟೇಕರಾರು, ಅಂದರೆ ಮುಂದೆ ಮಾರುವುದಾಗಿ ಮಾಡಿಕೊಂಡ ಒಪ್ಪಂದ, ಮಾತ್ರ ನೋಂದಣಿಯಾಗಿತ್ತು. ಕರಾರಿನಲ್ಲಿ ಬರೆದ ದರ ಮಾರಾಟದ ದರವಲ್ಲ. ಮುಂಗಡ ಕೊಟ್ಟವನು ಉಳಿದ ಹಣ ಹೊಂದಿಸದೆ ಹಿಂದೆ ಸರಿಯಬಹುದು, ಅಥವಾ ಅಳತೆ ಮಾಡಿಸಿದಾಗ ಕ್ಷೇತ್ರ ಕಡಿಮೆ ಬಂದು ಮೊತ್ತವೇ ಬದಲಾಗಬಹುದು. ಇದನ್ನು ಅವರಿಗೆ ತೋರಿಸಿದಾಗಲೂ ಅದನ್ನೇ ‘ಆದ ವ್ಯವಹಾರ’ ಎಂದು ಸಾಧಿಸಿದರು.

ಲೆಕ್ಕದಲ್ಲಿಯೂ ಅವರು ಸಡಿಲ. ಐದು ಗುಂಟೆ ಜಾಗ 20 ಲಕ್ಷಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ಗುಂಟೆಗೆ 4 ಲಕ್ಷ. ಒಂದು ಗುಂಟೆಗೆ 1,089 ಚದರ ಅಡಿಯಾದ್ದರಿಂದ ಚದರ ಅಡಿಗೆ ಸುಮಾರು 367 ರೂಪಾಯಿ. ಗುಂಟೆ ಎಂದರೆ ಸಾವಿರ ಅಡಿ ಎಂದು ಸಲೀಸಾಗಿ ಹಿಡಿದರೆ ಅದು 400 ಆಗುತ್ತದೆ, ಆ 400ನ್ನು ಮತ್ತೆ 1,089ರಿಂದ ಗುಣಿಸಿ ಮುಂದಿನ ಜಾಗಕ್ಕೆ ಗುಂಟೆಯ ದರ ಹೇಳಿದರೆ 35,600 ರೂಪಾಯಿ ಗಾಳಿಯಲ್ಲಿ ಹುಟ್ಟಿಕೊಳ್ಳುತ್ತದೆ. ‘ಎಲ್ಲ ಸೇರಿ’ ಎಂಬ ಮಾತನ್ನೂ ಬಿಡಿಸಿ ಕೇಳಬೇಕು. ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿರುವ ನೋಂದಣಿ ಶುಲ್ಕ, ಇವೆಲ್ಲ ಸೇರಿದ ದರವನ್ನೂ ಸೇರದ ದರವನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರೆ ಪ್ರಯೋಜನವಿಲ್ಲ.

ಕರಾವಳಿಯಲ್ಲಿ ಇನ್ನೂ ಗಂಭೀರವಾದ ಸಂಗತಿ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಗ್ರಾಮೀಣ ಕರಾವಳಿಯ ಹೆಚ್ಚಿನ ಕಡೆ ಭರತರೇಖೆಯಿಂದ (ಉಬ್ಬರದ ನೀರು ತಲಪುವ ಗೆರೆಯಿಂದ) 200 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿರ್ಬಂಧವಿದೆ. 2019ರ ಅಧಿಸೂಚನೆ ಜನಸಾಂದ್ರತೆ ಹೆಚ್ಚಿರುವ ಗ್ರಾಮಗಳಿಗೆ ಅದನ್ನು 50 ಮೀಟರಿಗೆ ಇಳಿಸಿದೆ, ಆದರೆ ಆ ಸಡಿಲಿಕೆಗೆ ಷರತ್ತುಗಳಿವೆ. ಒಂದೇ ಸರ್ವೆ ನಂಬರಿನ ಎರಡು ಹಿಸ್ಸಾಗಳಲ್ಲಿ ಒಂದು ಈ ಗೆರೆಯ ಒಳಗೆ, ಇನ್ನೊಂದು ಹೊರಗೆ ಬಿದ್ದರೆ ಅವು ಹೋಲಿಕೆಗೆ ಬರುವ ಜಾಗಗಳೇ ಅಲ್ಲ. ಕುಮಟಾದ ಏಜೆಂಟರು ಸಮುದ್ರಕ್ಕೆ ಹತ್ತಿರವಿದ್ದಷ್ಟೂ ದರ ಹೆಚ್ಚು ಎಂಬ ಒಂದೇ ಸೂತ್ರ ಹಿಡಿದು ಮಾತನಾಡಿದರು. ಬಾವಿಯ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆಯೇ, ಅಘನಾಶಿನಿಯ ಅಳಿವೆಯ ಕಡೆಯ ಗಜನಿ ಭೂಮಿಗೆ (ಹಿನ್ನೀರಿನಂಚಿನ ತಗ್ಗು ಗದ್ದೆಗೆ) ಉಬ್ಬರದಲ್ಲಿ ನೀರು ನುಗ್ಗುತ್ತದೆಯೇ ಎಂಬ ಪ್ರಶ್ನೆಗಳು ಅವರಿಗೆ ಕಿರಿಕಿರಿಯೆನಿಸಿದವು.

ಕಾರವಾರದವರು ಇದೇ ವಿಷಯದಲ್ಲಿ ತಾವಾಗಿಯೇ ಎಚ್ಚರ ಹೇಳಿದ್ದರು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಮೇಲೆ ಹೆದ್ದಾರಿ 66ಕ್ಕಾಗಿ ಗುಡ್ಡ ಕಡಿದ ಬದಿಯ ಜಾಗಗಳನ್ನು ಜನ ಬೇರೆ ಕಣ್ಣಿನಿಂದ ನೋಡುತ್ತಿದ್ದಾರೆ. ಅದೇ ವರ್ಷ ಆಗಸ್ಟ್‌ನಲ್ಲಿ ಕೋಡಿಬಾಗ-ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿಯಿತು. ಅದಕ್ಕೂ ಮುಂಚಿನ ಮಾರಾಟಗಳನ್ನು ಆ ಭಾಗದ ಇಂದಿನ ದರಕ್ಕೆ ಆಧಾರ ಮಾಡಬೇಡಿ ಎಂದು ಅವರು ತಮ್ಮ ಪುಸ್ತಕದ ಹಳೆಯ ಪುಟಗಳನ್ನು ತಿರುಗಿಸದೆಯೇ ಮುಚ್ಚಿದರು. ಹಳೆಯ ದರ ತೋರಿಸಿದ್ದರೆ ಅವರಿಗೇನೂ ನಷ್ಟವಿರಲಿಲ್ಲ. ಅದನ್ನು ಗಮನಿಸಿ ಹೇಳುತ್ತಿದ್ದೇನೆ.

ಶಿರಸಿಯ ಏಜೆಂಟರದು ಬೇರೆಯೇ ಬಗೆಯ ಕೆಲಸ, ಏಕೆಂದರೆ ಅಲ್ಲಿ ನಾನು ಕೇಳಿದ್ದು ತೋಟದ ದರ. ಪೇಟೆಯ ನಿವೇಶನಕ್ಕೆ ಹೋಲಿಕೆ ಸಿಗುವುದು ಕಷ್ಟವಲ್ಲ. ಬನವಾಸಿ ರಸ್ತೆಯ ಒಂದು ಬಡಾವಣೆಯಲ್ಲಿ ಒಂದು ನಿವೇಶನ ಹೋದ ದರ ಅದರ ಪಕ್ಕದ್ದಕ್ಕೂ ಬಹುಮಟ್ಟಿಗೆ ಹೊಂದುತ್ತದೆ. ಎರಡು ಬಾಗಾಯ್ತುಗಳು ಹಾಗಲ್ಲ. ಅಡಿಕೆ ಮರದ ವಯಸ್ಸು, ಎಕರೆಗೆ ಬರುವ ಕ್ವಿಂಟಾಲ್, ಕೊಳೆರೋಗದ ಹಾವಳಿ, ಬೇಸಿಗೆಯ ನೀರು, ಕೊನೆಕೊಯ್ಲಿನ ಹೊತ್ತಿಗೆ ತೋಟದವರೆಗೆ ಗಾಡಿ ಹೋಗುವ ದಾರಿ, ಹೀಗೆ ಪ್ರತಿಯೊಂದೂ ದರವನ್ನು ಎಳೆದಾಡುತ್ತದೆ. ಅದರ ಜೊತೆಗೆ ಸೊಪ್ಪಿನ ಬೆಟ್ಟದ ಮಾತು ಬರುತ್ತದೆ. ಬೆಟ್ಟ ಮಾಲ್ಕಿ, ಅಂದರೆ ಸ್ವಂತ ಒಡೆತನದ, ಜಮೀನಲ್ಲ. ಸೊಪ್ಪು, ದರಕು (ಒಣಗಿದ ಎಲೆ) ತರುವ ಸವಲತ್ತಿಗಾಗಿ ತೋಟಕ್ಕೆ ಬಿಟ್ಟುಕೊಟ್ಟದ್ದು. ಆದರೂ ಬೆಟ್ಟವಿರುವ ತೋಟಕ್ಕೂ ಇಲ್ಲದ ತೋಟಕ್ಕೂ ದರದಲ್ಲಿ ವ್ಯತ್ಯಾಸವಾಗುತ್ತದೆ, ಮಾತಿನ ಭರದಲ್ಲಿ ಬೆಟ್ಟದ ಎಕರೆಗಳನ್ನೂ ಮಾಲ್ಕಿಯೊಳಗೆ ಸೇರಿಸಿ ಒಟ್ಟು ಕ್ಷೇತ್ರ ಹೇಳುವವರೂ ಇದ್ದಾರೆ. ಶಿರಸಿಯವರು ಹೇಳಿದ ಪ್ರತಿಯೊಂದು ವ್ಯವಹಾರದಲ್ಲೂ ಪಹಣಿಯಲ್ಲಿರುವ ಕ್ಷೇತ್ರ ಎಷ್ಟು, ಬೆಟ್ಟ ಎಷ್ಟು ಎಂದು ಬಿಡಿಸಿ ಹೇಳಿದರು.

ಇನ್ನೊಂದು ಕಾರಣಕ್ಕೂ ಅವರ ಸೇವೆ ನನಗೆ ಮೆಚ್ಚುಗೆಯಾಯಿತು. ಇಸಿಯಲ್ಲಿ ತೀರಾ ಕಡಿಮೆ ಮೊತ್ತಕ್ಕೆ ಹೋದಂತೆ ಕಾಣುವ ಒಂದು ತೋಟವನ್ನು ನಾನು ಎತ್ತಿ ಹೇಳಿದಾಗ, ಅದು ದಾಯಾದಿಗಳ ನಡುವಿನ ವ್ಯವಹಾರ, ಅಣ್ಣ ತನ್ನ ಹಿಸ್ಸೆಯನ್ನು ತಮ್ಮನಿಗೆ ಬಿಟ್ಟುಕೊಟ್ಟದ್ದು ಎಂದು ತಕ್ಷಣ ವಿವರಿಸಿದರು. ಇಂಥದ್ದನ್ನು ಕಾಗದ ಹೇಳುವುದಿಲ್ಲ, ಊರಿನಲ್ಲಿ ಓಡಾಡುವವರೇ ಹೇಳಬೇಕು. ಹಾಗೆಯೇ ಪೋಡಿಯಾಗದೆ, ಅಂದರೆ ಅಳತೆ ಮಾಡಿ ಪಾಲು ಬೇರ್ಪಡಿಸದೆ, ಜಂಟಿಯಲ್ಲಿರುವ ಜಮೀನು ಅಗ್ಗಕ್ಕೆ ಹೋಗಿರುತ್ತದೆ. ಆ ಅಗ್ಗವನ್ನು ತೋರಿಸಿ ಪೋಡಿಯಾದ ಜಮೀನಿಗೆ ಚೌಕಾಸಿ ಮಾಡುವುದು ಸರಿಯಲ್ಲ ಎಂದೂ ಅವರು ನನಗೆ ನೇರವಾಗಿಯೇ ಹೇಳಿದರು. ನಾನು ನೋಡಿದ ತೋಟಗಳಲ್ಲಿ ಒಂದಕ್ಕೆ ಆ ಸುತ್ತಿನಲ್ಲಿ ಹೋಲಿಕೆಯ ಮಾರಾಟವೇ ಇಲ್ಲ, ಊಹೆಯಿಂದ ದರ ಹೇಳಲಾರೆ ಎಂದರು. ಕಮಿಷನ್ ಮೇಲೆ ಬದುಕುವವರ ಬಾಯಿಂದ ಈ ಮಾತು ಬರುವುದು ಸಾಮಾನ್ಯವಲ್ಲ. ಅವರ ಕೊರತೆಯೆಂದರೆ ಏನನ್ನೂ ಬರೆದಿಟ್ಟುಕೊಳ್ಳುವುದಿಲ್ಲ. ಎಲ್ಲವೂ ನೆನಪಿನಿಂದ ಬರುವುದರಿಂದ ತಿಂಗಳು ಹಿಂದುಮುಂದಾಗುತ್ತದೆ, ಇಸಿಯಲ್ಲಿ ಹುಡುಕುವಾಗ ಅವಧಿಯನ್ನು ಅಗಲವಾಗಿ ಕೊಡಬೇಕಾಗುತ್ತದೆ.

ಮೂರೂ ಕಡೆ ಮಾರ್ಗಸೂಚಿ ದರದ ಪ್ರಸ್ತಾಪ ಬಂತು. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ಮಾರ್ಗಸೂಚಿ ದರ ಜಾರಿಗೆ ಬಂದಿತು. ಅದು ಮುದ್ರಾಂಕ ಶುಲ್ಕ ಲೆಕ್ಕ ಹಾಕಲು ಗೊತ್ತುಪಡಿಸಿದ ಕನಿಷ್ಠ ಮೌಲ್ಯವೇ ಹೊರತು ಒಂದು ನಿರ್ದಿಷ್ಟ ಜಾಗಕ್ಕೆ ಮಾರುಕಟ್ಟೆ ಕೊಟ್ಟ ಬೆಲೆಯಲ್ಲ. ಒಂದು ಇಡೀ ರಸ್ತೆಗೋ ಗ್ರಾಮಕ್ಕೋ ಒಂದೇ ಅಂಕಿಯಿದ್ದಾಗ ಇಳಿಜಾರಿನ ಜಾಗವೂ ಸಮತಟ್ಟಾದದ್ದೂ ಅದರಲ್ಲಿ ಸಮನಾಗಿಬಿಡುತ್ತವೆ. ಆದರೆ ಅದನ್ನು ನಿರ್ಲಕ್ಷಿಸುವಂತೆಯೂ ಇಲ್ಲ: ನಿಜವಾಗಿ ಅಗ್ಗಕ್ಕೆ ಸಿಕ್ಕಿದ ನಿವೇಶನವಾದರೂ ಮಾರ್ಗಸೂಚಿಯ ಮೌಲ್ಯ ಪತ್ರದ ಮೊತ್ತಕ್ಕಿಂತ ಶೇ. 10ಕ್ಕೂ ಹೆಚ್ಚು ಮೇಲಿದ್ದರೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಮಾರಿದವರಿಗೂ ಕೊಂಡವರಿಗೂ ತೊಡಕಾಗುತ್ತದೆ. ಕುಮಟಾದವರು ಮಾರ್ಗಸೂಚಿಯ ಇಷ್ಟು ಪಟ್ಟು ಎಂದು ದರ ಹೇಳಿದರು. ಆ ಪಟ್ಟು ಎಲ್ಲಿಂದ ಬಂತು ಎಂಬುದಕ್ಕೆ ಅವರಲ್ಲಿ ಆಧಾರವಿರಲಿಲ್ಲ.

ಮಾರಾಟದ ಪತ್ರಗಳನ್ನು ಹೇಗೆ ತೂಗಬೇಕು ಎಂಬುದಕ್ಕೆ 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಂ ಒಂದು ಒಳ್ಳೆಯ ಮಾದರಿ ಕೊಡುತ್ತದೆ. ಹಿಂದಿನ ಮೂರು ವರ್ಷಗಳಲ್ಲಿ ಹತ್ತಿರದ ಗ್ರಾಮಗಳಲ್ಲಿ ಅದೇ ಬಗೆಯ ಜಮೀನಿಗೆ ಆದ ಪತ್ರಗಳನ್ನು ತೆಗೆದುಕೊಂಡು, ಅವುಗಳಲ್ಲಿ ಹೆಚ್ಚು ದರವಿರುವ ಅರ್ಧದಷ್ಟನ್ನು ಮಾತ್ರ ಸರಾಸರಿಗೆ ಹಿಡಿಯಬೇಕು ಎನ್ನುತ್ತದೆ ಅದು. ಪತ್ರದಲ್ಲಿ ಕಡಿಮೆ ಬರೆಸುವ ರೂಢಿಗೆ ಕಾನೂನು ಮಾಡಿಕೊಂಡ ಹೊಂದಾಣಿಕೆ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ. ಕಾರವಾರದ ಸೀಬರ್ಡ್ ನೌಕಾನೆಲೆ ಯೋಜನೆಗೆ ಮನೆ, ಜಮೀನು ಬಿಟ್ಟುಕೊಟ್ಟ ಕುಟುಂಬಗಳು ಹೆಚ್ಚಿನ ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯಗಳಿಗೆ ಅಲೆದದ್ದನ್ನು ಕಂಡ ಜಿಲ್ಲೆಯಿದು. ಪತ್ರದಲ್ಲಿ ಬರೆದ ಮೊತ್ತ ಮುಂದೆ ಯಾರ ಬದುಕಿಗೆ ಹೇಗೆ ಆಧಾರವಾಗುತ್ತದೆ ಎಂಬುದನ್ನು ಇಲ್ಲಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ನನ್ನ ಲೆಕ್ಕಕ್ಕೂ ಇದೇ ಕ್ರಮವನ್ನು ಬಳಸಿದೆ: ಏಜೆಂಟರು ಕೊಟ್ಟ ನಂಬರುಗಳ ಇಸಿ ತೆಗೆಸಿ, ದಾಯಾದಿ ವ್ಯವಹಾರ ಮತ್ತು ಚುಕ್ಕೆಯ ಸಾಲುಗಳನ್ನು ಬಿಟ್ಟು, ಉಳಿದವುಗಳಲ್ಲಿ ಮೇಲಿನ ಅರ್ಧವನ್ನು ಮಾತ್ರ ನೋಡಿದೆ.

ಏಜೆಂಟರ ಹಿತ ಮತ್ತು ಕೊಳ್ಳುವವನ ಹಿತ ಒಂದೇ ಅಲ್ಲ ಎಂಬುದನ್ನೂ ಮರೆಯಬಾರದು. ಶೇಕಡಾವಾರು ಕಮಿಷನ್ ಇರುವಲ್ಲಿ ದರ ಏರಿದಷ್ಟೂ ಅವರಿಗೆ ಲಾಭ. ಎರಡೂ ಕಡೆಯಿಂದ ಕಮಿಷನ್ ಪಡೆಯುವವರಾದರೆ ವ್ಯವಹಾರ ಮುಗಿದರೆ ಸಾಕು ಎಂಬ ಆತುರವೂ ಸೇರಿಕೊಳ್ಳುತ್ತದೆ. ಅದಕ್ಕಾಗಿ ಒಂದೇ ಮಾರಾಟದ ಬಗ್ಗೆ ಇಬ್ಬರನ್ನು ಬೇರೆ ಬೇರೆಯಾಗಿ ಕೇಳುವುದು ಒಳ್ಳೆಯದು. ಮುರಿದುಬಿದ್ದ ವ್ಯವಹಾರಗಳನ್ನೂ ಕೇಳಬೇಕು: ಯಾವ ದರಕ್ಕೆ ಕೊಳ್ಳುವವನು ಎದ್ದುಹೋದ ಎಂಬುದು, ಯಾವ ದರಕ್ಕೆ ಒಪ್ಪಿದ ಎಂಬಷ್ಟೇ ತಿಳಿವಳಿಕೆ ಕೊಡುತ್ತದೆ, ಅದು ಯಾವ ದಾಖಲೆಯಲ್ಲಿಯೂ ಸಿಗುವುದಿಲ್ಲ. ನೋಂದಾಯಿತ ಯೋಜನೆಯ ಫ್ಲ್ಯಾಟ್ ಅಥವಾ ನಿವೇಶನವನ್ನು ಮಾರಿಸುವ ಏಜೆಂಟರು ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ) ನೋಂದಣಿಯಾಗಿರಬೇಕು. ಆ ಸಂಖ್ಯೆಯನ್ನು ಮೊದಲೇ ಕೇಳಿ ಬರೆದುಕೊಳ್ಳಬೇಕು. ಬ್ಯಾಂಕುಗಳು ಪತ್ರಿಕೆಯಲ್ಲಿ ಕೊಡುವ ಹರಾಜು ಪ್ರಕಟಣೆಯ ಮೀಸಲು ಬೆಲೆಯನ್ನೂ ನಾನು ಪಕ್ಕದಲ್ಲಿಟ್ಟು ನೋಡಿದೆ, ಆದರೆ ಅದು ಒತ್ತಾಯದ ಮಾರಾಟದ ಬೆಲೆಯಾದ್ದರಿಂದ ಹೆಚ್ಚು ತೂಕ ಕೊಡಲಿಲ್ಲ.

ಒಟ್ಟಿನಲ್ಲಿ ಕಾರವಾರ ಭಾಗದಲ್ಲಿ ಜಾಗ ನೋಡುವವರಿಗೆ ಅಲ್ಲಿಯ ಏಜೆಂಟರ ಬಗೆಯ ಸೇವೆಯನ್ನು, ಅಂದರೆ ಸರ್ವೆ ನಂಬರ್ ಸಮೇತ ಬರೆದಿಟ್ಟ ಪಟ್ಟಿಯನ್ನು, ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಶಿರಸಿಯವರ ತಿಳಿವಳಿಕೆ ಅದಕ್ಕಿಂತ ಆಳವಾದದ್ದು, ಆದರೆ ತೋಟ ಕೊಳ್ಳುವವರು ಅವರ ಜೊತೆಗೆ ಬೆಳೆ ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಬೇಕು. ಕುಮಟಾದವರ ಬಳಿ ಜಾಗ ನೋಡಲು ಹೋಗಬಹುದು, ದರ ಕೇಳಲು ಅಲ್ಲ. ಕಾರವಾರದವರು ಪಟ್ಟಿಯ ಪ್ರತಿಗೆ ಸಣ್ಣದೊಂದು ಶುಲ್ಕ ಪಡೆದರು, ವ್ಯವಹಾರ ಅವರ ಮೂಲಕವೇ ಕುದುರಿದರೆ ಅದನ್ನು ಕಮಿಷನ್‌ನಲ್ಲಿ ವಜಾ ಮಾಡುವುದಾಗಿ ರಸೀದಿಯ ಮೇಲೆಯೇ ಬರೆದುಕೊಟ್ಟರು. ನನ್ನ ಖರೀದಿ ಮುಗಿದ ಮೇಲೆ ಅದರ ಮೊತ್ತ, ತಾರೀಖನ್ನೂ ಆ ಪುಸ್ತಕಕ್ಕೆ ಕೊಡಬೇಕು ಎಂಬುದೊಂದೇ ಅವರು ಹಾಕಿದ ಷರತ್ತು, ನಾನು ಒಪ್ಪಿದ್ದೇನೆ.